ಮಣ್ಣಿಗೆ ಬಡಿಸಿದ ಅವರೆ

ಪುಷ್ಯ ಮಾಸದ ಮೂವತ್ತೆಂಟನೆಯ ದಿನ, ಕ್ರಿ.ಶ. ೨೩೯೧

ಹಿಂದಿನ ಕಾಲದ ಹಿರಿಯರೇ,

ತಿಂಗಳಿಗೆ ಮೂವತ್ತೆಂಟು ದಿನವೇ ಎಂದು ಹುಬ್ಬೇರಿಸಬೇಡಿ. ಇಬ್ಬನಿ ನಿಲ್ಲುವವರೆಗೆ ನಮ್ಮಲ್ಲಿ ಪುಷ್ಯ ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ರತ್ನಗಂಗೆ, ಕೋಲಾರ ಸೀಮೆಯ ಜಲ್ಲಿದಿಬ್ಬದವಳು. ನೀವು ಬೆಟ್ಟ ಒಡೆದು ಕಲ್ಲುಪುಡಿ ಸುರಿದು ಹೋದಿರಲ್ಲ, ಅದರ ಮೇಲೆಯೇ ನಮ್ಮ ಊರು. ಬೈಯಲು ಬರೆಯುತ್ತಿಲ್ಲ, ಸ್ವಲ್ಪ ಜಂಬ ಕೊಚ್ಚಿಕೊಳ್ಳುವುದಿದೆ.

ಆ ಪುಡಿಯನ್ನು ಹೊಲ ಮಾಡಿದ್ದು ಅವರೆ, ಹುರುಳಿ, ಅಲಸಂದೆ. ಹೂ ಬಿಟ್ಟೊಡನೆ, ಕಾಯಿ ಕಟ್ಟಲು ಬಿಡದೆ, ಗಿಡಗಳನ್ನು ಹಾಗೇ ಉತ್ತು ಮುಚ್ಚುತ್ತೇವೆ. ಇದಕ್ಕೆ ‘ಮಣ್ಣೂಟ’ ಎಂದು ಹೆಸರು. ಅದಕ್ಕೂ ಮುನ್ನ ‘ಕೆಂಪು ನೋಡುವ’ ಶಾಸ್ತ್ರವಿದೆ. ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳುತ್ತೇವೆ. ಒಳಗೆ ಕೆಂಪಗಿದ್ದರೆ ಬೇರು ಗಾಳಿಯಿಂದ ಸಾರ ಹೀರಿಕೊಳ್ಳುತ್ತಿದೆ ಎಂದು ಅರ್ಥ. ಮೊದಲು ಬಂದವರು ರೋಗಕ್ಕೆ ಹೆದರಿ ಬೀಜವನ್ನು ತೊಳೆದೂ ತೊಳೆದೂ ಬಿತ್ತಿದರಂತೆ. ಗಂಟೇ ಕಟ್ಟಲಿಲ್ಲ. ಆಮೇಲೆ ತಪ್ಪಲಿನ ಹಳೆಯ ಅವರೆ ಹೊಲದ ಮಣ್ಣನ್ನು ಬೀಜಕ್ಕೆ ಮೆತ್ತಿ ಬಿತ್ತಿದರು. ಈಗಲೂ ಊರಿಗೆ ಬರುವ ಸೊಸೆ ತವರಿನ ಹೊಲದ ಮಣ್ಣನ್ನು ಮಡಿಲಲ್ಲಿ ತರುತ್ತಾಳೆ.

ಇಡೀ ಹೊಲ ಕೆಂಪಾಗುವವರೆಗೆ ಯಾರೂ ಒಂದು ಕಾಯಿ ಕೀಳುವಂತಿಲ್ಲ. ಅಲ್ಲಿಯವರೆಗೆ ಗಾಜಿನ ಕೊಳವೆಯಲ್ಲಿ ಬೆಳೆದ ‘ಕೊಳವೆಕಾಳು’ ತಿನ್ನುತ್ತೇವೆ. ಅದಕ್ಕೆ ಸೊಗಡೂ ಇಲ್ಲ, ರುಚಿಯೂ ಇಲ್ಲ. ನಮ್ಮತ್ತೆ ಅಕ್ಕಯ್ಯಮ್ಮ ಇದೇ ಊರಲ್ಲಿ ಹುಟ್ಟಿದವರು, ಹುಟ್ಟಿದಾಗಿನಿಂದ ತಿಂದದ್ದು ಅದನ್ನೇ. ಹೊಲದ ಅವರೆಯ ಸಾರನ್ನು ಒಮ್ಮೆ ಉಣ್ಣಬೇಕೆಂಬುದೊಂದೇ ಅವರ ಆಸೆಯಾಗಿತ್ತು. ಹೋದ ವರ್ಷ ಅವರು ಹಾಸಿಗೆ ಹಿಡಿದರು. ಹೊಲದ ಮೇಲಂಚಿನಲ್ಲಿ ಗಂಟು ಇನ್ನೂ ಬಿಳಿಚಿಕೊಂಡಿತ್ತು. ಆದರೂ ಊರವರೆಲ್ಲ ಸೇರಿ ಅವರಿಗಾಗಿ ಒಂದು ಸಾಲು ಉಳದೆ ಕಾಯಿಗೆ ಬಿಡೋಣ ಎಂದರು. ನಾನು ಓಡಿಹೋಗಿ ತಿಳಿಸಿದೆ. ಅತ್ತೆಗೆ ಸಿಟ್ಟೇ ಬಂತು.

“ಹೊಲ ಇನ್ನೂ ಹಸ್ಕೊಂಡೈತಲ್ಲಮ್ಮ, ನಾನೆಂಗ್ ಉಣ್ಲಿ? ಆ ಸಾಲೂ ಉತ್ತಾಕ್ಬಿಡು.”

ಅಳುತ್ತಲೇ ಉತ್ತೆ. ಯುಗಾದಿಗೆ ಮೊದಲೇ ಅವರು ತೀರಿಕೊಂಡರು.

ಈ ವರ್ಷ ಎಲ್ಲಿ ಕಿತ್ತರೂ ಕೆಂಪು, ಅದಕ್ಕೇ ಮೊದಲ ಸಲ ಹೊಲವನ್ನು ಕಾಯಿಗೆ ಬಿಟ್ಟೆವು. ಇವತ್ತು ಊರೆಲ್ಲ ಜಗಲಿಯ ಮೇಲೆ ಕುಳಿತು ನೆನೆಸಿದ ಅವರೆಕಾಳು ಹಿತುಕಿದೆವು. ಮಕ್ಕಳು ಒಬ್ಬರ ಮುಖಕ್ಕೊಬ್ಬರು ಕಾಳು ಚಿಮ್ಮಿಸಿ ನಕ್ಕರು. ಇಂಥ ಅತ್ತೆಯ ಸೊಸೆ ನಾನು ಎಂದು ನನಗೆ ಎದೆ ತುಂಬಿ ಬಂತು.

ನಿಮ್ಮ ಕಾಲದಲ್ಲಿ ಅವರೆ ಸಂತೆಯಲ್ಲಿ ರಾಶಿ ಬಿದ್ದಿರುತ್ತದಂತೆ. ಒಂದೇ ಒಂದು ಕೋರಿಕೆ. ಸಾರಿಗೆ ಕೈ ಹಾಕುವ ಮುನ್ನ ಅಕ್ಕಯ್ಯಮ್ಮನವರನ್ನು ನೆನೆಯಿರಿ. ಅದರ ರುಚಿ ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಮಗೆ ಬಿಟ್ಟುಕೊಟ್ಟರು.