ನಿದ್ದೆಗಣ್ಣಲ್ಲಿ ಹೂಂ ಅಂದದ್ದು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಬೇಕರಿಯ ಪಾಳಿ ಮುಗಿಸಿ ಬಂದೆ. ಬನ್ನು ಚೆನ್ನಾಗಿ ಉಬ್ಬಿತ್ತು. ಉದ್ದ ಬ್ರೆಡ್ಡಿನ ಕೊನೆಯ ಸುತ್ತು ಮಾತ್ರ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ಭಟ್ಟಿಗೆ ವಯಸ್ಸಾಯಿತು. ಮಾಲೀಕರಿಗೆ ಹಾಗೆಂದರೆ ಅವರು ಭಟ್ಟಿಯನ್ನು ಬಿಟ್ಟು ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ.

ಹಿಟ್ಟು ನಾದುವಾಗ ಎಂದಿನಂತೆ ಅದೇ ರಾಗ ಬಾಯಿಗೆ ಬಂತು. ಜೊತೆಯಲ್ಲಿ ನಾದುವ ಗುಂಡಣ್ಣನಿಗೂ ಈಗ ಅಂಟಿಕೊಂಡಿದೆ. "ಯಾವ ಸಿನಿಮಾದ್ದಪ್ಪಾ ಇದು?" ಎಂದು ಕೇಳಿದ. ನನಗೇನು ಗೊತ್ತು? ನಾನು ಸಿನಿಮಾಕ್ಕೆ ಹೋದರೆ ಹೆಸರು ಬೀಳುವಷ್ಟರಲ್ಲಿ ಗೊರಕೆ. "ನಂದೇ ಕಣೋ" ಎಂದು ಕೊಚ್ಚಿಕೊಂಡೆ. ನಂಬಿಬಿಟ್ಟ, ಪಾಪ.

ಇವಳು ಔಷಧಿ ಅಂಗಡಿಯ ಕೆಲಸಕ್ಕೆ ಹೊರಟುಹೋಗಿದ್ದಳು. ಮದುವೆಯಾದಾಗಿನಿಂದ ಹೀಗೇ. ನಾನು ಮನೆಗೆ ಬರುವಾಗ ಅವಳಿರುವುದಿಲ್ಲ. ಅವಳು ಕೆಲಸದಿಂದ ಬರುವಾಗ ನನಗೆ ಮಲಗುವ ಹೊತ್ತು. ಸಂಜೆ ಅರ್ಧ ಗಂಟೆ ಸಿಗುತ್ತೇವೆ. ಅವಳು ಮಾತಾಡುತ್ತಾಳೆ, ನಾನು ಹೂಂಗುಟ್ಟುತ್ತೇನೆ. ಮಧ್ಯರಾತ್ರಿ ಎದ್ದು ಹೊರಡುವಾಗ ಬಾಗಿಲನ್ನು ಬೆಕ್ಕಿನ ಹಾಗೆ ಮೆಲ್ಲಗೆ ಎಳೆದುಕೊಳ್ಳುತ್ತೇನೆ. ಉಳಿದ ಕೆಲಸಗಳಲ್ಲಿ ನನ್ನದು ದಡಬಡ. ಇದೊಂದರಲ್ಲಿ ಮಾತ್ರ ಏಕೋ ಇಷ್ಟು ನಾಜೂಕು.

ಮಾರ್ಚ್ 8, ಶನಿವಾರ. ಮಧ್ಯಾಹ್ನ

ಭಟ್ಟಿ ಕೈಕೊಟ್ಟಿತು! ಪುಣ್ಯಕ್ಕೆ ಕೊನೆಯ ಟ್ರೇ ಹೊರಗೆ ಬಂದ ಮೇಲೆ. ಢಬ್ ಎಂದು ಸದ್ದು, ಒಳಗೆ ಕತ್ತಲೆ. ಮೆಕ್ಯಾನಿಕ್ ಬಂದು ತಲೆ ಒಳಗೆ ತೂರಿಸಿ, ತಲೆ ಹೊರಗೆ ತೆಗೆದು, "ಪಾರ್ಟ್ ತರಿಸ್ಬೇಕು, ಒಂದು ವಾರ" ಎಂದ. ಮಾಲೀಕರು ತಲೆಯ ಮೇಲೆ ಕೈಹೊತ್ತು ಕೂತರು. ಗುಂಡಣ್ಣ ಮತ್ತು ನಾನು ಮುಖ ಗಂಭೀರ ಮಾಡಿಕೊಂಡು ಬೀದಿ ತಿರುಗುವವರೆಗೆ ನಡೆದೆವು. ಆಮೇಲೆ ಕುಣಿದೆವು.

ಇವಳಿಗೆ ಫೋನ್ ಮಾಡಿದೆ. ಭಟ್ಟಿ ಕೆಟ್ಟಿದೆ, ಒಂದು ವಾರ ಪಾಳಿಯಿಲ್ಲ ಎಂದೆ.

"ಅಂದ್ರೆ ಇವತ್ತು ಸಂಜೆ ನೀವು ಮಲಗೋ ಹಾಗಿಲ್ಲ?"

"ಯಾಕೆ ಮಲಗ್ಲಿ? ರಜಾ!"

"ರೆಡಿಯಾಗಿರಿ. ಊರು ತೋರಿಸ್ತೀನಿ."

"ನಾನೇನು ನಿನ್ನೆ ಬಂದೋನಾ?"

"ಬೆಳಗಿನ ಊರು ನಿಮ್ಮದು ಕಣ್ರೀ. ಸಂಜೆ ಊರು ನೀವು ನೋಡೇ ಇಲ್ಲ."

ಇಸ್ತ್ರಿ ಹಾಕಿದ ಶರ್ಟು ಹುಡುಕುತ್ತಿದ್ದೇನೆ. ಎಲ್ಲದರ ಮೇಲೂ ಹಿಟ್ಟು. ಮದುಮಗನ ಹಾಗೆ ಎದೆ ಹೊಡೆದುಕೊಳ್ಳುತ್ತಿದೆ, ನಗು ಬರುತ್ತಿದೆ.

ಮಾರ್ಚ್ 9, ಭಾನುವಾರ

ಎಲ್ಲವನ್ನೂ ಬರೆಯಬೇಕು. ಒಳ್ಳೆಯದನ್ನು ಮೊದಲು.

ಮೀನಿನ ಮಾರುಕಟ್ಟೆಯ ಹಿಂದಿನ ಬೀದಿಯಿಂದ ಶುರು. ಬೆಳಿಗ್ಗೆ ಅಲ್ಲಿ ನಾಯಿ, ಮಂಜುಗಡ್ಡೆ, ಕೊಳಚೆ ನೀರು ಬಿಟ್ಟರೆ ಏನಿಲ್ಲ. ಸಂಜೆ ನೋಡಬೇಕು! ಕಾವಲಿಗಳ ಸಾಲು, ಹೊಗೆ, ಬೆಂಚಿಗಾಗಿ ಜಗಳ, ನಿಂತೇ ತಿನ್ನುವ ಜನ. ಮೀನು ಕರಿಯುವವಳು ಒಂದು ಬನ್ನನ್ನು ಸೀಳಿ, ಬೆಣ್ಣೆ ಸವರಿ, ಕಾವಲಿಗೆ ಮಗುಚಿ, ಬಿಸಿ ಮೀನು ಒಳಗಿಟ್ಟು ಕೊಟ್ಟಳು. ಕಚ್ಚಲು ಹೋದವನು ನಿಂತುಬಿಟ್ಟೆ. ಬನ್ನಿನ ನೆತ್ತಿಯ ಮೇಲೆ ಓರೆ ಗೀರು. ನನ್ನ ಕೈಯ ಗೀರು.

"ಇದು ನನ್ನ ಬನ್ನು ಕಣೇ!"

"ಗೊತ್ತು. ತಿನ್ನಿ, ತಣ್ಣಗಾಗುತ್ತೆ."

ಇಷ್ಟು ವರ್ಷ ಟ್ರೇ ವ್ಯಾನಿಗೆ ಏರುವುದನ್ನು ಕಂಡಿದ್ದೇನೆ. ಯಾರ ಬಾಯಿಗೆ ಹೋಗುತ್ತದೆಂದು ನೋಡಿರಲಿಲ್ಲ. ಪಕ್ಕದಲ್ಲಿ ಒಬ್ಬ ಲಾರಿ ಡ್ರೈವರ್ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದ. ಅವನನ್ನೇ ಎಷ್ಟು ನೋಡಿದೆನೆಂದರೆ, ಕೊನೆಗೆ ಕಣ್ಣು ಬಿಟ್ಟು "ಏನ್ ಬೇಕು?" ಎಂದು ಗದರಿದ. ಏನೂ ಬೇಡಪ್ಪಾ, ತಿನ್ನು ಎಂದೆ. ಕಣ್ಣಲ್ಲಿ ನೀರು ಬಂದಿತ್ತು. ಹೊಗೆಗೆ ಎಂದು ಇವಳಿಗೆ ಹೇಳಿದೆ.

ಆಮೇಲೆ ದರ್ಜಿಗಳ ಬೀದಿ. ಅಲ್ಲಿ ಹೊಲಿಗೆ ಯಂತ್ರ ನಿಂತ ಮೇಲೆ ಜಗಲಿಗಳಲ್ಲಿ ಸೂಪಿನ ಅಂಗಡಿಗಳು. ಸೂಪಿನ ಜೊತೆ ನನ್ನ ಉದ್ದ ಬ್ರೆಡ್ಡು! ಒಂದು ಕಡೆ ಕಪ್ಪಾದದ್ದನ್ನು ಜಾಣತನದಿಂದ ಕೆಳಮುಖ ಮಾಡಿ ಇಟ್ಟಿದ್ದರು. ಮೂರು ತುಂಡು ತಿಂದೆ. ಸುಟ್ಟ ಜೋಳ ತಿಂದೆ. ಐಸ್‌ಕ್ರೀಮ್ ತಿಂದೆ. ಇವಳು ಮುಂದೆ, ನಾನು ಹಿಂದೆ, ಜಾತ್ರೆಗೆ ಬಂದ ಮಗುವಿನ ಹಾಗೆ. ಪ್ರತಿ ಮೂಲೆಯಲ್ಲೂ ಯಾರೋ ಒಬ್ಬರು "ಅಕ್ಕಾ, ಚೆನ್ನಾಗಿದೀರಾ?" ಎನ್ನುತ್ತಿದ್ದರು. ನನಗಲ್ಲ, ಇವಳಿಗೆ.

"ಇವರಿಗೆಲ್ಲಾ ನೀನು ಹೇಗೆ ಗೊತ್ತು?"

"ಪ್ರತಿ ಶನಿವಾರ ಬರ್ತೀನಲ್ಲಾ. ನಿಮ್ಗೆ ಹೇಳಿದ್ನಲ್ಲಾ."

"ಯಾವಾಗ?"

"ನೀವು ಮಲಗೋ ಹೊತ್ತಲ್ಲಿ. ಹೂಂ ಅಂದ್ರಿ."

ತಲೆ ಕೆರೆದುಕೊಂಡೆ. ನಾನು ಇನ್ನೂ ಏನೇನಕ್ಕೆ ಹೂಂ ಅಂದಿದ್ದೇನೆ ಎಂದು ಕೇಳಿದೆ. ಗೋಡೆಗೆ ಹಸಿರು ಬಣ್ಣ. ಹೂಂ. ಬರುವ ತಿಂಗಳು ಅವಳಕ್ಕನ ಮಗಳು ಪರೀಕ್ಷೆ ಮುಗಿಯುವವರೆಗೆ ನಮ್ಮಲ್ಲಿ. ಹೂಂ. ಆ ಹಸಿರು ಗೋಡೆ ನೋಡಿ ನಾನು ಪಕ್ಕದ ಮನೆಗೆ ನುಗ್ಗಿದೆನೆಂದು ಹೆದರಿ ಹೊರಗೋಡಿದ್ದನ್ನು ನೆನೆದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಹಾಡ್ತೀನಿ ಅಂತಾನೂ ಹೇಳಿದ್ದೆ. ಸೇತುವೆ ಕೆಳಗೆ, ಶನಿವಾರ ಶನಿವಾರ. ಅದಕ್ಕೂ ಹೂಂ ಅಂದ್ರಿ. ಇವತ್ತು ಕೇಳಿಸ್ಕೊಳ್ತೀರಲ್ಲಾ?"

ಇವಳು ಹಾಡುತ್ತಾಳೆ! ನನಗೆ ಗೊತ್ತೇ ಇಲ್ಲ!

ಇನ್ನು ಕೆಟ್ಟದ್ದು.

ಸೇತುವೆಯ ಕೆಳಗೆ ಹಳೆಯ ಗ್ಯಾರೇಜು, ಈಗ ಪಬ್ಬು. ಕಾರು ಎತ್ತುವ ಕಟ್ಟೆಯೇ ಸ್ಟೇಜು. ಯಾರು ಬೇಕಾದರೂ ಹಾಡಬಹುದು. ಗಿಟಾರ್ ಹಿಡಿದ ಗಡ್ಡದವನು ಅದರ ಮಾಲೀಕ. "ಕೊನೆಗೂ ಬೇಕರಿ ಮೇಸ್ತ್ರಿ ಬಂದ್ರು!" ಎಂದು ಅಪ್ಪಿಕೊಂಡು ಮುಂದಿನ ಮೇಜಿನಲ್ಲೇ ಕೂರಿಸಿದ. ತಣ್ಣನೆಯ ಬಿಯರ್ ಬಂತು. ಮೆತ್ತನೆಯ ಕುರ್ಚಿ. ಹೊಟ್ಟೆ ತುಂಬ ನನ್ನದೇ ಬ್ರೆಡ್ಡು. ಇವಳು ಸೆರಗು ಸರಿಮಾಡಿಕೊಂಡು ಎದ್ದದ್ದು ನೆನಪಿದೆ. ಆಮೇಲೆ ಇವಳು ಭುಜ ಅಲುಗಿಸಿ "ಏಳಿ, ಮನೆಗೆ ಹೋಗೋಣ" ಎಂದದ್ದು ನೆನಪಿದೆ. ನಡುವೆ ಏನೂ ಇಲ್ಲ.

ಗೊರಕೆ ಮೈಕಿಗೂ ಕೇಳಿಸಿತಂತೆ. ಸಾಲದ್ದಕ್ಕೆ ಎರಡೂ ಕೈಯಲ್ಲಿ ಮೇಜನ್ನು ನಾದುತ್ತಿದ್ದೆನಂತೆ. ಗಡ್ಡದವನು ಹೇಳಿ ನಕ್ಕ. ಇವಳು ನಗಲಿಲ್ಲ.

ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೈದಿದ್ದರೆ ವಾಸಿಯಿತ್ತು.

ಮಾರ್ಚ್ 13, ಗುರುವಾರ

ಬರೆಯಲು ಮುಖವಿರಲಿಲ್ಲ.

ಇವಳು ಊಟ ಬಡಿಸುತ್ತಾಳೆ, ಉಪ್ಪು ಸಾಕಾ ಎನ್ನುತ್ತಾಳೆ, ಅಷ್ಟೇ. ಈ ವಾರವೆಲ್ಲ ಸಂಜೆ ಎದ್ದು ಕೂತಿದ್ದೇನೆ, ಹೇಳು, ಮಾತಾಡು ಎಂದು ಅವಳ ಮುಖವನ್ನೇ ನೋಡುತ್ತಾ. ಈಗ ನನಗೆ ಕಿವಿ ಇದೆ, ಅವಳಿಗೆ ಮಾತಿಲ್ಲ. ಬಹಳ ನೋವಾಗಿದೆ ನನಗೆ. ಅವಳಿಗೆ ಎಷ್ಟಾಗಿರಬೇಕು?

"ಈ ಶನಿವಾರ ಹೋಗೋಣ್ವಾ?"

"ನಾನು ಹೋಗ್ತೀನಿ. ನೀವು ಮಲ್ಕೊಳ್ಳಿ. ಮೈ ಒಗ್ಗಿರೋದೇ ಹಾಗೆ, ನಿಮ್ಮ ತಪ್ಪೇನಿಲ್ಲ."

ನಿಮ್ಮ ತಪ್ಪೇನಿಲ್ಲ. ಇದಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಮಾಲೀಕರ ಫೋನ್. ಪಾರ್ಟ್ ಬಂದಿದೆ, ಶನಿವಾರ ಮಧ್ಯರಾತ್ರಿಯಿಂದ ಭಟ್ಟಿ ಶುರು. ಅಂದರೆ ಇದೊಂದೇ ಶನಿವಾರ ನನ್ನ ಕೈಯಲ್ಲಿರುವುದು. ತಪ್ಪಿದರೆ ಮತ್ತೆ ಭಟ್ಟಿ ಕೆಡುವವರೆಗೆ ಕಾಯಬೇಕು. ಹೊಸ ಪಾರ್ಟ್‌ಗೆ ಗ್ಯಾರಂಟಿ ಬೇರೆ ಇದೆಯಂತೆ.

ಗುಂಡಣ್ಣನಿಗೆ ಎಲ್ಲ ಹೇಳಿದೆ. "ನಾನಿದೀನಲ್ಲಾ. ಪಕ್ಕದಲ್ಲೇ ಕೂತು ಚಿವುಟ್ತಾ ಇರ್ತೀನಿ" ಎಂದು ಧೈರ್ಯ ಹೇಳಿದ. ಅವನ ಚಿವುಟು ನೋಡಿದ್ದೇನೆ. ಬನ್ನಿನ ಹಿಟ್ಟನ್ನು ಉಂಡೆಗೆ ಕೀಳುವ ಬೆರಳು ಅದು.

ಮಾರ್ಚ್ 15, ಶನಿವಾರ. ಸಂಜೆ 6

ಇವಳು ಮುಂಚೆಯೇ ಹೊರಟುಹೋದಳು. ನಾನು ಮಧ್ಯಾಹ್ನವೇ ಹಾಸಿಗೆಗೆ ಬಿದ್ದು ಒಂದಿಷ್ಟು ನಿದ್ದೆ ಮಾಡಿದ್ದೇನೆ. ತಣ್ಣೀರು ಸ್ನಾನ. ಈ ದಿನಚರಿ ಜೇಬಿನಲ್ಲಿ. ಕೈ ಬರೆಯುತ್ತಿದ್ದರೆ ಕಣ್ಣು ಮುಚ್ಚುವುದಿಲ್ಲ ಎಂದು ಲೆಕ್ಕ. ಗುಂಡಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಘಮ್ಮೆಂದು ಸೆಂಟು ಹಾಕಿಕೊಂಡು.

7 ಗಂಟೆ. ಮೀನಿನ ಬೀದಿ

ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಇದ್ದೇನೆ. ಈ ವಾರ ಬೇರೆ ಬೇಕರಿಯ ಬನ್ನು. ಮುಟ್ಟಿ ನೋಡಿದೆ, ಸ್ಪಂಜು. ಮೀನು ಕರಿಯುವವಳು ನನ್ನನ್ನು ಗುರುತು ಹಿಡಿದಳು.

"ನಿಮ್ಮ ಭಟ್ಟಿ ಯಾವಾಗ ಸರಿಹೋಗೋದು? ಜನ ನನ್ನ ಪ್ರಾಣ ತಿಂತಿದಾರೆ. ಇದು ಬಾಯಿಗೆ ಅಂಟ್ಕೊಳ್ಳುತ್ತಂತೆ."

ಅಯ್ಯೋ, ಎಂಥ ಸುಖ ಈ ದೂರು ಕೇಳುವುದು! ಇನ್ನೊಮ್ಮೆ ಹೇಳಿ ಎನ್ನಬೇಕೆನಿಸಿತು. ನಾನು ಬರೀ ಲಿಂಬೆ ಪಾನಕ ಕುಡಿದೆ. ಗುಂಡಣ್ಣ ಸ್ಪಂಜಾದರೂ ಬಿಡಲಿಲ್ಲ. ಬನ್ನಿನ ಮೇಲೆ ಬನ್ನು, ಮೀನಿನ ಮೇಲೆ ಮೀನು.

7.45. ದರ್ಜಿಗಳ ಬೀದಿ

ಗುಂಡಣ್ಣನಿಗೆ ಸೂಪು. ನನಗೆ ಸಕ್ಕರೆಯಿಲ್ಲದ ಕಾಫಿ. ಕಣ್ಣು ಎಳೆಯುತ್ತಿದೆ. ಅವನು ಒಮ್ಮೆ ಚಿವುಟಿದ. ತೋಳು ನೀಲಿ.

8.15. ಗ್ಯಾರೇಜು

ಬಂದೆವು. ಹಿಂದಿನ ಸಾಲಿನ ಮೇಜು, ಕಂಬದ ಮರೆ. ಇವಳಿಗೆ ನಾನು ಬಂದದ್ದು ಗೊತ್ತಿಲ್ಲ. ಮತ್ತೆ ನಿದ್ದೆ ಹೋದರೆ ಅವಳಿಗೆ ಗೊತ್ತಾಗುವುದು ಬೇಡ.

ಗಡ್ಡದವನು ಬಿಯರ್ ತಂದ. ಬೇಡ ಎಂದೆ. ಗುಂಡಣ್ಣ ಎರಡನ್ನೂ ತನ್ನ ಕಡೆ ಎಳೆದುಕೊಂಡ. ಮೆತ್ತನೆಯ ಕುರ್ಚಿ ಬೇಡವೆಂದು ಖಾಲಿ ಕ್ರೇಟು ಕೇಳಿ ಪಡೆದು ಅದರ ಮೇಲೆ ಕೂತಿದ್ದೇನೆ. ಕುಂಡೆಗೆ ಒತ್ತುತ್ತದೆ. ಒತ್ತಲಿ.

8.30

ಒಬ್ಬ ಮುದುಕ ಹಾಡಿದ. ಚೆನ್ನಾಗಿತ್ತು. ಒಂದು ಹುಡುಗಿ ಹಾಡಿದಳು, ಅರ್ಧದಲ್ಲಿ ಮರೆತು ನಕ್ಕಳು, ಎಲ್ಲರೂ ಚಪ್ಪಾಳೆ ಹೊಡೆದರು. ನನ್ನ ರೆಪ್ಪೆಗೆ ಕಲ್ಲು ಕಟ್ಟಿದಂತಾಗಿದೆ. ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತಿವೆ. "ಗುಂಡಣ್ಣಾ, ಚಿವುಟೋ" ಎಂದೆ.

ತಿರುಗಿ ನೋಡಿದರೆ ಚಿವುಟಲು ಬಂದವನೇ ಮೇಜಿನ ಮೇಲೆ ಕೆನ್ನೆಯಿಟ್ಟು ಮಲಗಿದ್ದಾನೆ! ಅವನದೂ ನನ್ನದೇ ಪಾಳಿ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ. ನಗು ತಡೆಯಲಾಗದೆ ನಿದ್ದೆ ಅರ್ಧ ಹಾರಿತು. ಒಳ್ಳೆಯದಾಯಿತು, ಗುಂಡಣ್ಣ. ಮಲಗು.

8.40

ಇವಳು ಎದ್ದಳು.

ಮೈಕಿನ ಮುಂದೆ ಬೇರೆ ಯಾರೋ ಎನ್ನುವ ಹಾಗೆ ಕಾಣುತ್ತಾಳೆ. ಬೆನ್ನು ನೆಟ್ಟಗೆ. ಹೆದರಿಕೆಯೇ ಇಲ್ಲ. ಮುಂದಿನ ಮೇಜಿನ ಖಾಲಿ ಕುರ್ಚಿಯ ಮೇಲೆ ಕಣ್ಣು ಹಾಯಿಸಿ, ತಕ್ಷಣ ಬೇರೆ ಕಡೆ ನೋಡಿದಳು. ನಾನು ಕಂಬದ ಮರೆಗೆ ಇನ್ನಷ್ಟು ಸರಿದೆ.

"ಇದು ನಾನೇ ಕಟ್ಟಿದ್ದು. ನಿಮ್ಗೆಲ್ಲಾ ಗೊತ್ತಿರೋದೇ" ಎಂದಳು.

ಗಿಟಾರು ಶುರುವಾಯಿತು.

ಅರೆ!

ಇದು ಭಟ್ಟಿಯ ರಾಗ. ನಮ್ಮ ಹಿಟ್ಟು ನಾದುವ ರಾಗ. ಇವಳ ಬಾಯಿಗೆ ಹೇಗೆ...

*ನೀ ಏಳೋ ಹೊತ್ತಿಗೆ ನಾ ಮಲಗಿರುತೀನಿ,*
*ಬಾಗಿಲು ಮೆಲ್ಲಗೆ ಹಾಕಿಕೋ...*

ನಾನು ಮಲಗಿದ ಮೇಲೆ ಸಂಜೆ ಅಡುಗೆಮನೆಯಲ್ಲಿ ಇದನ್ನೇ ಹಾಡಿಕೊಳ್ಳುತ್ತಿದ್ದಿರಬೇಕು ಇವಳು. ಪ್ರತಿದಿನ. ನಾನು ನಿದ್ದೆಯಲ್ಲೇ ಕಲಿತಿದ್ದೇನೆ. ಭಟ್ಟಿಗೆ ಹೊತ್ತುಕೊಂಡು ಹೋಗಿ ಊರಿಗೆಲ್ಲ ಬನ್ನು ನಾದಿದ್ದೇನೆ. ಬಾಗಿಲನ್ನೂ ಮೆಲ್ಲಗೇ ಹಾಕಿಕೊಂಡಿದ್ದೇನೆ ಕಣೇ, ಒಂದು ದಿನವೂ ಬಿಡದೆ!

ಪಕ್ಕದಲ್ಲಿ ಗುಂಡಣ್ಣ ನಿದ್ದೆಯಲ್ಲೇ ಮೇಜು ನಾದಲು ಶುರುಮಾಡಿದ. ತಾಳ ಒಂಚೂರೂ ತಪ್ಪಿಲ್ಲ.

ಮುಂದಿನ ಸಾಲು ಬರುವ ಮುಂಚೆ ನನ್ನ ಬಾಯಿಂದಲೇ, ಮಾತು ಸಮೇತ, ಬಂದುಬಿಟ್ಟಿತು. ಜೋರಾಗಿ, ಕಂಬದ ಹಿಂದಿನಿಂದ:

*ಬಿಸಿ ಬಿಸಿ ಬೆಳಗನು ತಟ್ಟೆಲಿ ಇಟ್ಟು,*
*ನನ್ನನು ಒಮ್ಮೆ ಕೂಗಿಕೋ...*

ಎಲ್ಲರೂ ತಿರುಗಿದರು. ಗಿಟಾರು ನಿಂತಿತು. ಇವಳು ಮೈಕ್ ಹಿಡಿದುಕೊಂಡು ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ. ಕೆನ್ನೆ ಒದ್ದೆ, ಬಾಯಿ ತುಂಬ ನಗು.

"ರೀ... ಎದ್ದಿದೀರಾ, ಇಲ್ಲಾ ಇದೂ ನಿದ್ದೇಲೇನಾ?"

ಜನ ಹೋ ಎನ್ನುತ್ತಿದ್ದಾರೆ. ಗಡ್ಡದವನು ಇನ್ನೊಂದು ಮೈಕ್ ಎತ್ತಿ ಹಿಡಿದಿದ್ದಾನೆ. ಇವಳು ಕೈಬೀಸಿ ಕರೆಯುತ್ತಿದ್ದಾಳೆ. "ಬರ್ತೀರಾ?"

ಹೂಂ ಅಂದೆ. ಪೂರ್ತಿ ಎಚ್ಚರದಲ್ಲಿ ಅಂದೆ. ಹೊರಟೆ, ಉಳಿದದ್ದು ಆಮೇ...