ಮನೆಯಲ್ಲೇ ಒಬ್ಬ ಜಡ್ಜ್

ಸ್ಟೋನಿ ಫೋರ್ಕ್, ವರ್ಜೀನಿಯಾ
ಮೇ 14, 1998

ಪ್ರೀತಿಯ ಹ್ಯಾಟಿ,

ನೀನೂ ಡೆಸ್ಮಂಡನೂ ವಾಷಿಂಗ್ಟನ್ನಿನ ಸೆಕೆಯಲ್ಲಿ ಬೇಯುತ್ತಿದ್ದರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ನಿನ್ನ ಅಮ್ಮನ ಮೊಣಕಾಲು ನೋವೊಂದನ್ನು ಬಿಟ್ಟರೆ ಎಲ್ಲ ಸರಿಯಾಗಿದೆ. ನಿಮ್ಮ ಮದುವೆಯ ಕರೆಯೋಲೆ ಬಂದು ಬಹಳ ದಿನವಾಯಿತು. ಅದರ ಜೊತೆಗಿದ್ದ ಉತ್ತರದ ಚೀಟಿ ಇನ್ನೂ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇದೆ. ತಡವಾದದ್ದಕ್ಕೆ ಕ್ಷಮಿಸಮ್ಮ. ಹುಡುಗಿಯ ಹೆತ್ತವರಿಗೂ ಬರುತ್ತೀರೋ ಇಲ್ಲವೋ ಎಂದು ಚೀಟಿ ಕಳಿಸುವುದು ಯಾವ ಕಾಲದ ಪದ್ಧತಿ ಎಂದು ಮೊದಲು ಗೊಣಗಿದೆ. ಆಮೇಲೆ ಒಂದು ದೊಡ್ಡ ವಿಚಾರಣೆ ನಡೆಯುತ್ತಿದೆ, ಪುರುಸೊತ್ತಿಲ್ಲ ಎಂದೆ. ವಿಚಾರಣೆ ಮುಗಿದು ಹೋಯಿತು. ಈಗ ಹೇಳಲು ಬೇರೆ ನೆಪವಿಲ್ಲ.

ಕರೆಯೋಲೆಯ ಕೊನೆಯ ಸಾಲು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ. 'ವಿವಾಹ ನೆರವೇರಿಸುವವರು: ನ್ಯಾಯಮೂರ್ತಿ ಮೆರಿಲ್ ಕ್ಯಾಂಟ್ರೆಲ್, ಫೆಡರಲ್ ಮೇಲ್ಮನವಿ ನ್ಯಾಯಾಲಯ.' ಚಿನ್ನದ ಅಕ್ಷರದಲ್ಲಿ ಬೇರೆ.

ವಾಡಿಕೆ ನನಗೆ ಗೊತ್ತಿಲ್ಲದ್ದೇನಲ್ಲ. ಕಾನೂನು ಓದಿ ಮುಗಿಸಿ ಒಬ್ಬ ಜಡ್ಜ್ ಹತ್ತಿರ ಒಂದು ವರ್ಷ ಲಾ ಕ್ಲರ್ಕ್ ಆಗಿ ತೀರ್ಪು ಬರೆಯಲು ನೆರವಾದವರು ಆಮೇಲೆ ಜೀವಮಾನವಿಡೀ ಅವರ ಮಕ್ಕಳು. ಮದುವೆ ಮಾಡಿಸಲೂ ಅವರನ್ನೇ ಕರೆಯುತ್ತಾರೆ. ನನ್ನ ಹಳೆಯ ಕ್ಲರ್ಕ್‌ಗಳೂ ಕರೆದಿದ್ದಾರೆ, ನಾನೂ ಕರಿ ನಿಲುವಂಗಿ ಮಡಚಿ ಕಾರಿನಲ್ಲಿಟ್ಟುಕೊಂಡು ಹೋಗಿ ಮಾಡಿಸಿ ಬಂದಿದ್ದೇನೆ. ಇಲ್ಲಿ ಕೋರ್ಟಿನಲ್ಲೂ ಎರಡು ಮೊಕದ್ದಮೆಗಳ ನಡುವೆ ಗಣಿ ಕೆಲಸದ ಹುಡುಗರು ಹುಡುಗಿಯ ಕೈ ಹಿಡಿದು ಬಂದು ನಿಲ್ಲುತ್ತಾರೆ, ಅವರಿಗೂ ಮಾಡಿಸಿದ್ದೇನೆ. ಸುತ್ತಮುತ್ತಲ ಅರ್ಧ ಊರಿಗೆ ನಾನೇ ಪಾದ್ರಿ. ಹಿತ್ತಲ ಗಿಡ ಮಾತ್ರ ಮದ್ದಲ್ಲ.

ನಿನ್ನ ಅಮ್ಮನಿಗೆ ನನ್ನ ಕಾಯಿಲೆ ಮೊದಲ ದಿನವೇ ತಿಳಿಯಿತು. "ಓರಿನ್, ಎದೆ ಉರಿ ಅಂತ ಗುಳಿಗೆ ನುಂಗ್ತಾ ಇದೀಯಲ್ಲ, ಅದು ಎದೆ ಉರಿ ಅಲ್ಲ, ಹೊಟ್ಟೆ ಉರಿ. ಅದಕ್ಕೆ ಅಂಗಡೀಲಿ ಗುಳಿಗೆ ಸಿಗಲ್ಲ" ಎಂದಳು. ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆ.

ನಿನಗೆ ಮೆರಿಲ್ ಎಂದರೆ ರಿಚ್ಮಂಡಿನ ಆ ಎತ್ತರದ ಪೀಠದ ಮೇಲಿನ ಮನುಷ್ಯ. ನನಗೆ ಅವನು ಚಾರ್ಲಟ್ಸ್‌ವಿಲ್ಲಿನ ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಸಾಬೂನು ಸವೆಸಿದವನು. ಅವನಪ್ಪ ದನಗಳ ಮೇವಿನ ಅಂಗಡಿ ಇಟ್ಟಿದ್ದರು, ನನ್ನಪ್ಪ ಗಣಿಯ ಮೇಸ್ತ್ರಿ. ಕಾಲೇಜಿನ ಅಣಕು ನ್ಯಾಯಾಲಯದ ಸ್ಪರ್ಧೆಗೆ ಜೋಡಿಯಾಗಿ ನಿಂತೆವು. ಬರೆಯುವುದು ಅವನು, ನಿಂತು ವಾದಿಸುವುದು ನಾನು. ಗೆದ್ದೆವು. ಆಮೇಲೆ ಇಬ್ಬರೂ ಸೇರಿ ಇದೇ ಊರಿನಲ್ಲಿ ಕಚೇರಿ ತೆರೆದೆವು. ಅವನ ಬರವಣಿಗೆಯನ್ನು ಜಡ್ಜ್‌ಗಳು ಎರಡೆರಡು ಸಲ ಓದುತ್ತಿದ್ದರು, ನನ್ನ ಮಾತಿಗೆ ಜ್ಯೂರಿಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರು ಹೆಚ್ಚು, ಯಾರು ಕಡಿಮೆ ಎನ್ನುವ ಪ್ರಶ್ನೆ ಆಗ ಹುಟ್ಟಲಿಲ್ಲ.

ಅದು ಹುಟ್ಟಿದ್ದು ಮೇಲ್ಮನವಿ ನ್ಯಾಯಾಲಯದಲ್ಲಿ ಒಂದು ಕುರ್ಚಿ ಖಾಲಿಯಾದಾಗ. ಸೆನೆಟರ್ ಕಡೆಯ ಆಯ್ಕೆ ಸಮಿತಿ ನಮ್ಮಿಬ್ಬರನ್ನೂ ಒಂದೇ ದಿನ ಸಂದರ್ಶನಕ್ಕೆ ಕರೆಯಿತು. ಒಂದೇ ಕಾರಿನಲ್ಲಿ ಹೋದೆವು, ನಾನೇ ಓಡಿಸಿದೆ. ಒಳಗೆ ನಾನು ಮೂರು ಕಥೆ ಹೇಳಿ ಅವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದೆ. ಮೆರಿಲ್ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಹೊರಗೆ ಬಂದ. ದೇಶದ ಅಧ್ಯಕ್ಷರಿಂದ ಫೋನು ಬಂದದ್ದು ಅವನಿಗೆ. ಕಾಲ ಕಳೆದ ಮೇಲೆ ನನಗೂ ಈ ವಿಚಾರಣಾ ನ್ಯಾಯಾಲಯದ ಪೀಠ ಸಿಕ್ಕಿತು. ಎಲ್ಲರೂ ಅಭಿನಂದಿಸಿದರು. ಅತ್ತ ಮಗುವಿನ ಕೈಗೆ ಬೆಲ್ಲದ ಚೂರು ಇಟ್ಟ ಹಾಗಿತ್ತು.

ಅಂದಿನಿಂದ ನಾನು ಕೆಳಗೆ, ಅವನು ಮೇಲೆ. ನಾನು ದಿನವಿಡೀ ಕೂತು ಸಾಕ್ಷಿಗಳ ಮುಖ ನೋಡಿ ತೀರ್ಪು ಕೊಡುತ್ತೇನೆ. ಅವನು ಮುಖ ನೋಡುವುದಿಲ್ಲ, ಕಾಗದ ನೋಡುತ್ತಾನೆ. ಲಾರಿ ತಪಾಸಣೆಯ ಆ ಮೊಕದ್ದಮೆಯ ವಿಷಯ ಹಿಂದೊಮ್ಮೆ ಹೇಳಿದ್ದೆ. ಚಾಲಕ ಒಪ್ಪಿದ ಮೇಲೇ ಲಾರಿ ತೆರೆದೆ ಎಂದು ಪೋಲೀಸಿನವನು ಆಣೆ ಮಾಡಿ ಹೇಳಿದ. ಹೇಳುವಾಗೆಲ್ಲ ತೊಡೆಯ ಮೇಲಿಟ್ಟ ತನ್ನ ಟೋಪಿಯನ್ನು ತಿರುಗಿಸುತ್ತಿದ್ದ. ಬೇರೆ ಯಾವ ಪ್ರಶ್ನೆಗೂ ಅವನ ಕೈ ಟೋಪಿಗೆ ಹೋಗಲಿಲ್ಲ. ಸುಳ್ಳು ಎಂದು ನಾನು ಸಾಕ್ಷ್ಯ ತಳ್ಳಿಹಾಕಿದೆ. ಮೆರಿಲ್ ನನ್ನ ತೀರ್ಪು ರದ್ದು ಮಾಡಿದ. 'ಕೆಳ ನ್ಯಾಯಾಲಯದ ಅಭಿಪ್ರಾಯಕ್ಕೆ ದಾಖಲೆಯಲ್ಲಿ ಆಧಾರ ಕಾಣುವುದಿಲ್ಲ' ಎಂದು ಬರೆದ. ಎಷ್ಟು ಸೊಗಸಾಗಿ ಬರೆದಿದ್ದನೆಂದರೆ ಓದುವಾಗ ನನಗೇ ಹೌದೆನಿಸಿತು. ಟೋಪಿ ದಾಖಲೆಯಲ್ಲಿ ಎಲ್ಲಿಂದ ಬರಬೇಕು?

ಕಡೆಗೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನ ಒಂಬತ್ತು ಜನ ಅವನ ತೀರ್ಪನ್ನು ರದ್ದು ಮಾಡಿ ನನ್ನದನ್ನು ಎತ್ತಿ ಹಿಡಿದರು, ಕಣ್ಣಾರೆ ಕಂಡವನ ಮಾತಿಗೆ ಬೆಲೆ ಕೊಡಬೇಕಿತ್ತು ಎಂದರು. ಆ ದಿನ ನಾನು ಪೀಚ್ ಪೈ ತಂದು ನಿನಗೂ ಅಮ್ಮನಿಗೂ ತಿನ್ನಿಸಿದ್ದು ನಿನಗೆ ನೆನಪಿರಬಹುದು. ಪೈ ಕತ್ತರಿಸುವ ಮೊದಲೇ ಫೋನು ಬಂತು. ಮೆರಿಲ್. "ನೀನೇ ಸರಿ ಕಣೋ ಓರಿನ್, ತಪ್ಪಿದ್ದು ನಾನು. ನನಗೆ ಖುಷಿಯಾಗಿದೆ" ಎಂದ. ನಿಜವಾಗಿಯೂ ಖುಷಿಯಾಗಿತ್ತು ಅವನಿಗೆ, ಅದೇ ನನ್ನ ಸಂಕಟ. ಅವನು ಸ್ವಲ್ಪ ಕೆಟ್ಟವನಾಗಿದ್ದರೆ ನಾನು ಎಷ್ಟೋ ನೆಮ್ಮದಿಯಾಗಿರುತ್ತಿದ್ದೆ. ಅಂದಿನ ಪೈ ರುಚಿಸಲಿಲ್ಲ.

ನೀನು ಅವನ ಹತ್ತಿರ ಕ್ಲರ್ಕ್ ಆಗಿ ಸೇರುತ್ತೇನೆಂದಾಗ ಸಂತೋಷಪಟ್ಟೆ, ಸುಳ್ಳಲ್ಲ. ದೇಶದ ಜಾಣ ಮಕ್ಕಳೆಲ್ಲ ಸಾಲು ನಿಲ್ಲುವ ಬಾಗಿಲು ಅದು. ಆದರೆ ಒಂದು ವಿಷಯ ನಾನು ಮೊದಲು ಯೋಚಿಸಿರಲಿಲ್ಲ. ನನ್ನ ತೀರ್ಪಿನ ಮೇಲೆ ಮೇಲ್ಮನವಿ ಬಂದಾಗಲೆಲ್ಲ ನಿನ್ನನ್ನು ದೂರವಿಡುತ್ತಿದ್ದರು. ಮಗಳು ಅಪ್ಪನ ಕಡತ ಮುಟ್ಟಬಾರದು, ಅದರ ಮಾತು ನಡೆಯುವ ಕೋಣೆಯಲ್ಲೂ ಇರಬಾರದು. ನಿಯಮ ಸರಿಯಾದದ್ದೇ. ಹಾಗಾಗಿ ಆ ವರ್ಷ ನೀನು ಐದು ರಾಜ್ಯಗಳ ವಿಚಾರಣಾ ಜಡ್ಜ್‌ಗಳ ಕೆಲಸವನ್ನೆಲ್ಲ ಓದಿದೆ, ನನ್ನದೊಂದನ್ನು ಬಿಟ್ಟು. ನನ್ನ ಬಗ್ಗೆ ನಿನ್ನ ಕಣ್ಣಿಗೆ ಬಿದ್ದದ್ದು ಮೇಲಿನವರ ಅಚ್ಚಾದ ತೀರ್ಪುಗಳು ಮಾತ್ರ. ಮೇಲಿನವರು ನನ್ನನ್ನು ಒಪ್ಪಿದರೆ ಎರಡು ಸಾಲಿನಲ್ಲಿ ಮುಗಿಸುತ್ತಾರೆ, ಅದು ಪುಸ್ತಕಕ್ಕೂ ಏರುವುದಿಲ್ಲ. ಒಪ್ಪದಿದ್ದರೆ ನಲವತ್ತು ಪುಟ ಬರೆಯುತ್ತಾರೆ, ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ.

ಆ ಚಳಿಗಾಲದಲ್ಲಿ ನನ್ನನ್ನು ಒಂದು ದಿನದ ಮಟ್ಟಿಗೆ ರಿಚ್ಮಂಡಿನ ಪೀಠಕ್ಕೆ ಮೂರನೆಯವನಾಗಿ ಕರೆದಿದ್ದರಲ್ಲ, ಆ ದಿನವನ್ನು ಮರೆಯಲಾರೆ. ಮೆರಿಲ್‌ನ ಎಡಕ್ಕೆ ನಾನು ಕೂತಿದ್ದೆ. ನೀನು ಕೊನೆಯ ಸಾಲಿನಲ್ಲಿ, ಆ ದಿನದ ಕೆಲಸ ಮುಟ್ಟುವಂತಿಲ್ಲದ ಕಾರಣ ಬರಿಗೈಯಲ್ಲಿ ಕೂತಿದ್ದೆ. ವಾದ ಮುಗಿದ ಮೇಲೆ ಅಲ್ಲಿನ ಪದ್ಧತಿಯಂತೆ ನಾವು ಮೂವರೂ ಪೀಠದಿಂದ ಇಳಿದು ಬಂದು ವಕೀಲರ ಕೈ ಕುಲುಕಿದೆವು. ನೀನು ಎದ್ದು ನಮ್ಮ ಕಡೆ ಬಂದೆ. ಮಗಳು ಬರುತ್ತಿದ್ದಾಳೆ ಎಂದು ನಾನು ಕೈ ಚಾಚಿದೆ. ನೀನು ನಕ್ಕು ನನ್ನ ಪಕ್ಕದಿಂದ ಪೀಠದ ಮೆಟ್ಟಿಲು ಹತ್ತಿ, ಮೆರಿಲ್ ಮರೆತು ಬಂದಿದ್ದ ಕನ್ನಡಕ ತಂದು ಅವನ ಕೈಗಿಟ್ಟೆ. ಅವನು ಮರೆಯುತ್ತಾನೆಂದು ನಿನಗೆ ಮೊದಲೇ ಗೊತ್ತಿತ್ತು. ಆಮೇಲೆ ಬಂದು ನನ್ನನ್ನು ತಬ್ಬಿಕೊಂಡೆ, ಇಲ್ಲವೆನ್ನುವುದಿಲ್ಲ. ಆದರೆ ನಾನೂ ಕನ್ನಡಕ ಹಾಕುವವನೇ, ಹ್ಯಾಟಿ.

ಇನ್ನು ಕಳೆದ ಶುಕ್ರವಾರದ ಸುದ್ದಿ. ಮೆರಿಲ್ ಪೂರ್ಣಾವಧಿ ಕೆಲಸ ಬಿಟ್ಟು ಹಿರಿಯ ನ್ಯಾಯಮೂರ್ತಿಯಾಗಿ ಕಡಿಮೆ ಹೊರೆ ತೆಗೆದುಕೊಳ್ಳುತ್ತಿದ್ದಾನಲ್ಲ, ಅವನ ಹಳೆಯ ಕ್ಲರ್ಕ್‌ಗಳೆಲ್ಲ ಸೇರಿ ಬರೆಸಿದ ಭಾವಚಿತ್ರದ ಅನಾವರಣವಿತ್ತು. ನಿನಗೆ ರಜೆ ಸಿಗಲಿಲ್ಲವೆಂದು ಎಲ್ಲರೂ ಪೇಚಾಡಿದರು. ಕೋರ್ಟಿನ ಸಭಾಂಗಣ ತುಂಬಿತ್ತು. ನೆರೆಗೂದಲಿನ ವಕೀಲರು, ಪ್ರೊಫೆಸರುಗಳು, ಇಬ್ಬರು ಜಡ್ಜ್‌ಗಳು, ಎಲ್ಲರೂ ಅವನ ಮುಂದೆ ಶಾಲೆಯ ಮಕ್ಕಳ ಹಾಗೆ ನಿಲ್ಲುತ್ತಿದ್ದರು. ಒಬ್ಬಳು ತನ್ನ ಮಗುವಿಗೆ ಮೆರಿಲ್ ಎಂದೇ ಹೆಸರಿಟ್ಟಿದ್ದಾಳಂತೆ. ಪರದೆ ಸರಿದಾಗ ನಿನ್ನ ಅಮ್ಮ ನನ್ನ ಕಿವಿಯಲ್ಲಿ, "ಚಿತ್ರಗಾರ ಅವನ ಉದ್ದ ಮೂಗಿನ ಮೇಲ್ಮನವಿ ಪುರಸ್ಕರಿಸಿ ಅರ್ಧ ಇಂಚು ಇಳಿಸಿದಾನೆ" ಎಂದಳು. ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕೆ.

ನಾನೂ ನಾಲ್ಕು ಮಾತಾಡಬೇಕಿತ್ತು. ಕ್ಷೌರದಂಗಡಿಯ ಕಥೆ ಹೇಳಿದೆ, ಸಾಬೂನಿನ ಕಥೆ ಹೇಳಿದೆ. ಚಪ್ಪಾಳೆ ಬಿತ್ತು. ಮೆರಿಲ್ ಕಣ್ಣು ಒದ್ದೆಯಾಯಿತು. ಅವನು ನನ್ನನ್ನು ತಬ್ಬಿಕೊಂಡು, ನೀನಿಲ್ಲದಿದ್ದರೆ ನಾನು ಮೇವಿನ ಅಂಗಡಿಯಲ್ಲೇ ಇರುತ್ತಿದ್ದೆ ಎಂದ. ಅವನ ಭುಜದ ಮೇಲಿಂದ ನಾನು ಗೋಡೆ ನೋಡುತ್ತಿದ್ದೆ. ಅಲ್ಲಿ ಸಾಲಾಗಿ ಅವನ ಹಿಂದಿನವರ ಚಿತ್ರಗಳಿದ್ದವು, ಅವನದಕ್ಕೆ ಜಾಗ ಮಾಡಿದ್ದರು. ನಮ್ಮ ಸ್ಟೋನಿ ಫೋರ್ಕಿನ ಕೋರ್ಟಿನ ಗೋಡೆಯಲ್ಲಿ ಗಡಿಯಾರವೂ ಬೆಂಕಿ ಆರಿಸುವ ಸಿಲಿಂಡರೂ ಇವೆ.

ಸರಿ, ಕಾಗದ ಉದ್ದವಾಯಿತು. ಚೀಟಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ಇಬ್ಬರೂ ಬರುತ್ತೇವೆ, ಕೋಳಿಯೂಟವೇ ಇರಲಿ, ನಿನ್ನ ಅಮ್ಮನಿಗೆ ಮೀನು ಒಗ್ಗುವುದಿಲ್ಲ. ನಿನ್ನ ತೋಳು ಹಿಡಿದು ನಡೆಸಿಕೊಂಡು ಬಂದು ಡೆಸ್ಮಂಡನ ಪಕ್ಕ ನಿಲ್ಲಿಸುತ್ತೇನೆ. ಆಮೇಲೆ ಮೊದಲ ಸಾಲಿನಲ್ಲಿ ಸುಮ್ಮನೆ ಕೂರುತ್ತೇನೆ. ಡೆಸ್ಮಂಡ್ ಒಳ್ಳೆಯ ಹುಡುಗ, ಮಾತು ಕಡಿಮೆ, ನಿನ್ನನ್ನು ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಾನೆ. ಇಬ್ಬರೂ ತುಂಬು ಬಾಳು ಬಾಳಿ. ಜಗಳವಾಡಿದ ದಿನವೂ ಒಂದೇ ಮೇಜಿನಲ್ಲಿ ಉಣ್ಣಿ. ನಮ್ಮಿಬ್ಬರ ಹಾರೈಕೆ ಸದಾ ನಿಮ್ಮ ಮೇಲಿದೆ.

ನಿನ್ನ ಪ್ರೀತಿಯ ಅಪ್ಪ,
ಓರಿನ್ ಸ್ಟಾಲರ್ಡ್

ಮರೆತ ಮಾತು: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ. ಅಮ್ಮ ಓದಿ, "ಅರ್ಧ ಸತ್ಯ ಬರೆದು ಲಕೋಟೆಗೆ ಅಂಟು ಹಚ್ಚಬೇಡ" ಎಂದಳು.

ಅಂದು ಅನಾವರಣವಾದ ಮೇಲಿನ ಊಟದಲ್ಲಿ ಮೆರಿಲ್ ಎದ್ದು ನಿಂತು ನಿಮ್ಮ ಮದುವೆಯ ಸುದ್ದಿ ಎಲ್ಲರಿಗೂ ಹೇಳಿದ. "ಹ್ಯಾಟಿ ಬಂದು ಕೇಳಿದಾಗ ನಾನೇ ಅಂದೆ, ಅಲ್ಲಮ್ಮ, ಮನೇಲೇ ಒಬ್ಬ ಜಡ್ಜ್ ಇದಾನಲ್ಲ, ಅವನನ್ನ ಬಿಟ್ಟು ನನ್ನ ಹತ್ರ ಯಾಕೆ ಬಂದೆ ಅಂತ. ಅದಕ್ಕೆ ಅವಳು ಏನಂದ್ಲು ಗೊತ್ತಾ? ಅಪ್ಪ ಮಾಡಿದ್ದು ಹೇಗಿದ್ರೂ ನಿಮ್ಮ ಹತ್ರ ಬಂದು ರದ್ದಾಗುತ್ತೆ, ಅದಕ್ಕೇ ಮೊದಲೇ ನಿಮ್ಮ ಹತ್ರ ಬಂದೆ ಅಂದ್ಲು."

ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ತಮಾಷೆಗೆ ಹೇಳಿದ್ದೆಂದು ನನಗೆ ಗೊತ್ತು, ಚೆನ್ನಾಗಿಯೇ ಹೇಳಿದ್ದೀಯ. ನಿನ್ನ ನಾಲಿಗೆ ನನ್ನದೇ ತಾನೆ. ವಾಪಸು ಬರುವಾಗ ಕಾರಿನಲ್ಲಿ ಅಮ್ಮ ನನ್ನ ಕೈ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

ನಾವು ಹೊರಡುವ ಮೊದಲು ಮೆರಿಲ್ ನನ್ನ ಮೊಣಕೈ ಹಿಡಿದು ಮೂಲೆಗೆ ಕರೆದೊಯ್ದ. "ಮದುವೆ ದಿನ ಅವಳ ಬಗ್ಗೆ ಎರಡು ಮಾತಾಡ್ಬೇಕು ಕಣೋ. ನನಗೆ ಗೊತ್ತಿರೋದು ಒಂದು ವರ್ಷದ ಹ್ಯಾಟಿ ಅಷ್ಟೇ. ಚಿಕ್ಕವಳಿದ್ದಾಗ ಹೇಗಿದ್ಲು, ಏನಾದ್ರೂ ಹೇಳು" ಎಂದ.

ಇಷ್ಟು ವರ್ಷಗಳಲ್ಲಿ ಅವನು ನನ್ನ ಬಳಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ಶಾಲೆಗೆ ರಜೆಯಿದ್ದ ದಿನ ನೀನು ನನ್ನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕಾಲು ತೂಗಾಡಿಸುತ್ತ ಕೂರುತ್ತಿದ್ದೆ. ಸಂಜೆ ಕಾರಿನಲ್ಲಿ ಬಾಗಿಲು ಹಾಕಿದ ಕೂಡಲೆ, "ಇವತ್ತು ಯಾರು ಸುಳ್ಳು ಹೇಳಿದ್ರು ಅಪ್ಪಾ?" ಎಂದು ಕೇಳುತ್ತಿದ್ದೆ. ನಾನು ಹೇಳಿದರೆ, "ನಂಗೂ ಹಾಗೇ ಅನ್ನಿಸ್ತು" ಎಂದು ಜಡ್ಜ್‌ನಂತೆ ತಲೆಯಾಡಿಸುತ್ತಿದ್ದೆ. ನನ್ನ ನಿಲುವಂಗಿ ಹೊದ್ದುಕೊಂಡು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಿದ್ದೆ. ಮನೆ ಬಂದ ಮೇಲೂ ನಿನ್ನನ್ನು ಎಬ್ಬಿಸಲು ಮನಸ್ಸಾಗದೆ ನಾನು ಕಾರಿನಲ್ಲೇ ಕೂತಿರುತ್ತಿದ್ದೆ.

"ವಯಸ್ಸಾಯ್ತು ಕಣೋ ಮೆರಿಲ್, ಏನೂ ನೆನಪಿಲ್ಲ" ಎಂದೆ. ಅವನು ನಂಬಿದ.

ಎಲ್ಲ ನೆನಪಿದೆ, ಹ್ಯಾಟಿ. ಒಂದನ್ನೂ ಅವನಿಗೆ ಕೊಡಲಾರೆ.