ಒಂಬತ್ತರ ಬಾಲ

ಮಾರ್ಚ್ ೫, ಗುರುವಾರ. ಬೆಳಿಗ್ಗೆ ೭

ಕಂಪ್ಯೂಟರಿನ ಫ್ಯಾನು ಒರೆಸಿದೆ, ಹಳೇ ಪೇಂಟ್ ಬ್ರಷ್ಷಿನಲ್ಲಿ. ಅಂಗಡಿ ಬೋರ್ಡು ಬರೆಯುತ್ತಿದ್ದ ಕಾಲದ್ದು, ಇನ್ನೂ ಕೂದಲು ಉದುರಿಲ್ಲ — ನನಗಿಂತ ವಾಸಿ.

ಕಣ್ಣಿನ ಡಾಕ್ಟರು ಹನ್ನೊಂದಕ್ಕೆ ಬರ್ತಾರೆ. ಪೊರೆ ಆಪರೇಷನ್ನಿಗೆ ಹೆದರೋರಿಗೆ ತೋರಿಸೋ ನಲವತ್ತು ಸೆಕೆಂಡಿನ ಅನಿಮೇಷನ್ನು. ಅವರು ಆರಿಸಲಿ ಅಂತ ಒಂದೇ ಫ್ರೇಮನ್ನ ಎರಡು ಥರ ರೆಂಡರ್ ಮಾಡಿ, ಅಂದ್ರೆ ಕಂಪ್ಯೂಟರಿನಿಂದ ಪೂರ್ತಿ ಚಿತ್ರ ತೆಗೆಸಿ ಇಟ್ಟಿದೀವಿ. ನನ್ನದು ೫೧೨ ಸ್ಯಾಂಪಲ್, ಒಂದೊಂದು ಚುಕ್ಕಿಗೂ ಅಷ್ಟು ಸಲ ಬೆಳಕಿನ ಲೆಕ್ಕ — ಬೆಳಕು ನಿಧಾನಕ್ಕೆ ಬೆಂದು ಬರುತ್ತೆ, ಫ್ರೇಮಿಗೆ ಹನ್ನೆರಡು ನಿಮಿಷ. ತಂಗೀದು ೧೨೮. ಉಳಿದ ಕಾಳು ಕಾಳು ಚುಕ್ಕಿಯನ್ನ ಡಿನಾಯ್ಸರ್ ಅನ್ನೋ ಸಾಫ್ಟ್‌ವೇರು ಒರೆಸುತ್ತೆ. ಮೂರೇ ನಿಮಿಷ.

ಒರೆಸಿದ್ದು ಒರೆಸಿದ ಹಾಗೇ ಕಾಣುತ್ತೆ. ನೋಡೋಣ.

ಅದೇ ದಿನ, ಮಧ್ಯಾಹ್ನ

ಅವಳದೇ ಆರಿಸಿದ್ರು. ಹೋಗಲಿ. "ಇದು ನಿಮ್ಮ ತಂಗಿಯವರದ್ದೇ ಇರಬೇಕು, ಕಣ್ಣು ಎಷ್ಟು ಸ್ವಚ್ಛವಾಗಿದೆ" ಅಂತ ಬೇರೆ ಅಂದ್ರು. ನನ್ನ ಕಡೆ ತಿರುಗಿ, ಟೀ ಚೆನ್ನಾಗಿತ್ತು ಅಂದ್ರು.

ಮೂರು ವರ್ಷದ ಹಿಂದೆ ಮೌಸ್ ಹಿಡಿಯೋಕೆ ಬರ್ತಿರಲಿಲ್ಲ ಇವಳಿಗೆ. ಕೈ ಹಿಡಿದು ಕಲಿಸಿದ್ದು ನಾನು. ಈಗ ಗುರುವಿಗೇ ತಿರುಮಂತ್ರ. ಒಳಗೆ ಖಾರ ಅರೆದ ಹಾಗಿದೆ. ಅರವತ್ತೆರಡಕ್ಕೆ ಇದೆಲ್ಲ ಬೇಕಾ… ಬೇಡ. ಆದ್ರೂ ಉರಿಯುತ್ತೆ.

ಮಾರ್ಚ್ ೬, ಶುಕ್ರವಾರ. ಬೆಳಿಗ್ಗೆ ೧೦

ಕೊನೇ ಸೆಟ್ಟಿಂಗೆಲ್ಲ ನನ್ನ ಪುಸ್ತಕದಲ್ಲಿ ಬರೆದೆ, ಯಾವಾಗಲೂ ಹಾಗೆ ಕನ್ನಡ ಅಂಕಿಯಲ್ಲೇ. ಸೆಕೆಂಡಿಗೆ ೨೪ ಫ್ರೇಮು. ೧ರಿಂದ ೯೬೦. ವಿಡಿಯೋ ಬೇಡ, ಬಿಡಿಬಿಡಿ ಚಿತ್ರಗಳಾಗೇ ಬರಲಿ — ಕರೆಂಟು ಹೋದ್ರೂ ಆಗಿದ್ದು ಉಳಿಯುತ್ತೆ. ಇದೊಂದು ನನ್ನ ಮಾತು ನಡೀತು.

ಟೈಪ್ ಮಾಡೋಕೆ ಅವಳು ಕೂತಳು. ಓದಿ ಹೇಳ್ತೀನಿ ಅಂದೆ. "ಬೇಡ ಬಿಡಕ್ಕ, ನಿನ್ನ ಕಾಗೆಕಾಲು ಗುಬ್ಬಿಕಾಲು ನನಗೆ ಹೊಸದಾ?" ಅಂದಳು.

೬೬೦ ಅಂತ ಹಾಕಿದಳು.

ಬಾಲ ಮೇಲಕ್ಕೆ ಎದ್ರೆ ಒಂಬತ್ತು, ಇಲ್ಲದಿದ್ರೆ ಆರು. ನಾನು ಬಾಲ ಸರಿಯಾಗಿ ಎಳೆದಿರಲಿಲ್ಲ. ಬಾಯಿ ತೆಗೆದೆ ಕೂಡ. ಅಷ್ಟರಲ್ಲಿ ಅವಳು, ಇನ್ನು ನೀನು ಆರಾಮಾಗಿರು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದಳು. ಮುಚ್ಚಿಕೊಂಡೆ.

ನೋಡ್ಕೋ.

ಸಂಜೆ ೫

ಇನ್ನೂ ಹೇಳಿಲ್ಲ. ಕಡೆಯ ಮುನ್ನೂರು ಫ್ರೇಮು ಅಂದ್ರೆ ಆಪರೇಷನ್ ಆದ ಮೇಲೆ ಪಟ್ಟಿ ಬಿಚ್ಚೋದು, ಅನಿಮೇಷನ್ನಿನ ಅಜ್ಜಿ ಕಣ್ಣು ಬಿಡೋದು. ಅದಿಲ್ಲದಿದ್ರೆ ಪಟ್ಟಿ ಕಟ್ಟಿದ ಕಣ್ಣಿಗೇ ಕಥೆ ಮುಗೀತು. ಹೆದರೋರು ಎದ್ದು ಮನೆಗೆ ಹೋಗ್ತಾರೆ. ಸೋಮವಾರ ಬೆಳಿಗ್ಗೆ ಎಂಟಕ್ಕೇ ಡಾಕ್ಟರ ಕಣ್ಣಿನ ಶಿಬಿರ, ಅಲ್ಲೇ ಇದನ್ನ ತೋರಿಸೋದು.

ನಾಳೆ ಹೇಳಿದ್ರೂ ಟೈಮಿದೆ.

ಮಾರ್ಚ್ ೮, ಭಾನುವಾರ. ಸಂಜೆ ೬

ತಂಗಿ ಚಿತ್ರಗಳನ್ನ ಜೋಡಿಸೋಕೆ ಈಗ ಕೂತಳು. ಇಪ್ಪತ್ತೇಳನೇ ಸೆಕೆಂಡಿಗೆ ಪರದೆ ಕಪ್ಪು. ಮುಖ ಬಿಳುಚಿತು. ನನ್ನ ಪುಸ್ತಕ ಕಣ್ಣಿನ ಹತ್ರ ಹಿಡಿದು ನೋಡಿದಳು. ಬೈತಾಳೆ ಅಂತ ಕಾದೆ. ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ತಪ್ಪು ನನ್ನದು ಸರ್, ಅಕ್ಕ ಸರಿಯಾಗೇ ಬರೆದಿದ್ರು, ಓದಿದ್ದು ನಾನು ಅಂದಳು.

ಉಳಿದಿದ್ದಕ್ಕೆ ಹದಿನೈದು ಗಂಟೆ ಬೇಕು. ಇರೋದು ಹದಿನಾಲ್ಕು.

"ಅಕ್ಕಾ, ನನಗೆ ಕೈಕಾಲೇ ಆಡ್ತಿಲ್ಲ. ನೀನೇ ಹೇಳೆ."

ಎರಡು ದಿನದಿಂದ ಇದೇ ಮಾತಿಗೆ ಕಾಯ್ತಿದ್ದೆ. ಬಂದಾಗ ಅವಳ ಕಡೆ ನೋಡದೆ ಪುಸ್ತಕ ಎಳ್ಕೊಂಡೆ.

ಸ್ಯಾಂಪಲ್ ಇಳಿಸಬೇಡ, ಅಜ್ಜಿ ಕಣ್ಣಿನ ಹೊಳಪು ಹೋಗುತ್ತೆ ಅಂದೆ. ಸ್ಟೆಪ್ಪು ೨ ಹಾಕು. ಎರಡಕ್ಕೊಂದು ಫ್ರೇಮು ರೆಂಡರ್ ಆಗಲಿ, ಒಂದೊಂದನ್ನೂ ಎರಡೆರಡು ಸಲ ಇಡೋಣ. ಪಟ್ಟಿ ನಿಧಾನಕ್ಕೆ ಬಿಚ್ಚೋದು, ಗೊತ್ತಾಗಲ್ಲ. ಏಳೂವರೆ ಗಂಟೆ ಸಾಕು.

ಅಂಕಿಗಳನ್ನ ಜೋರಾಗಿ ಓದಿದೆ. ಅವಳು ಒಂದೊಂದನ್ನೂ ತಿರುಗಿ ಹೇಳಿ ಹಾಕಿದಳು.

ಮಾರ್ಚ್ ೯, ಸೋಮವಾರ. ಮಧ್ಯಾಹ್ನ

ಶಿಬಿರದ ಹಾಲ್ ತುಂಬಾ ಜನ. ಅಜ್ಜಿ ಕಣ್ಣು ಬಿಟ್ಟಾಗ ಮುಂದಿನ ಸಾಲಿನಲ್ಲಿ ಒಬ್ಬರು, ನನ್ನ ಹೆಸರು ಬರ್ಕೊಳ್ಳಿ ಅಂತ ಎದ್ರು. ತಂಗಿ ಸಿಕ್ಕಸಿಕ್ಕವರಿಗೆಲ್ಲ, ಅಕ್ಕ ಇಲ್ಲದಿದ್ರೆ ಮುಳುಗಿರ್ತಿದ್ದೆ ಅಂತ ಹೇಳಿಕೊಂಡು ಬಂದಳು. ಡಾಕ್ಟರು ನನ್ನ ಕೈ ಕುಲುಕಿದ್ರು. ಬೇಕಾಗಿದ್ದು ಇದೇ ತಾನೇ? ಕೈಯನ್ನ ಸೀರೆಗೆ ಒರೆಸಿಕೊಂಡೆ.

ಸಂಜೆ ೪

ಇವತ್ತು ಹೇಳಿಬಿಡಬೇಕು. ಹೇಗೆ ಶುರು ಮಾಡೋದು ಅಂತ ಇಲ್ಲೇ ಬರೆದು ನೋಡೋಣ ಅಂತ ಕೂತೆ.

ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಒಳಗೆ ಬರ್ತಿಲ್ಲ.

"ಅಕ್ಕಾ… ಶುಕ್ರವಾರ ನಾನು ಟೈಪ್ ಮಾಡುವಾಗ, ನೀನು ನನ್ನ ಬೆನ್ನ ಹಿಂದೇನೇ ನಿಂತಿದ್ದೆ ಅಲ್ವಾ?"

ತಲೆ ಎತ್ತದೆ ಬರೀತಾ ಇದೀನಿ. ಪೆನ್ನು ಕೆಳಗಿಟ್ರೆ ಅವಳ ಮುಖ ನೋಡಬೇಕಾಗುತ್ತೆ.